ಗಣಕಯಂತ್ರದ ಗೃಹಾಂತರ

ಮನೆಯ ಯಾವುದಾದರೂ ವಸ್ತು ಹೊಸದೊಂದು ಸದ್ದು ಹೊರಡಿಸತೊಡಗಿದರೆ, ಅದು ತನಗೆ ಕೇಳಿಸುತ್ತಲೇ ಇಲ್ಲವೆಂಬಂತೆ ಇದ್ದುಬಿಡುವುದು ಗೃಹಸ್ಥನಾದವನ ಮೊದಲ ಧರ್ಮ. ಬಸವನಗುಡಿಯ ನಮ್ಮ ಮನೆಯ ಕಂಪ್ಯೂಟರ್ ಕಟಕಟನೆ ಹಲ್ಲು ಕಡಿಯತೊಡಗಿದಾಗ ನಾನೂ ಆ ಧರ್ಮವನ್ನು ನಿಷ್ಠೆಯಿಂದ ಪಾಲಿಸಿದೆ. ಆದರೆ ಒಂದು ಬೆಳಿಗ್ಗೆ ಅದು ಬಹಳ ಒದ್ದಾಡಿದ ಮೇಲಷ್ಟೇ ಕಣ್ಣು ತೆರೆದಾಗ, ನನ್ನ ಹೆಂಡತಿ ವಿಮಲಾ ಸೌಟು ಹಿಡಿದುಕೊಂಡೇ ಓಡಿಬಂದಳು.

"ರೀ, ನನ್ನ ಹಾಡುಗಳು?"

ಅವು ಅವಳ ಸೋದರತ್ತೆಯ ಹಾಡುಗಳು. ಮದುವೆ, ಮುಂಜಿ, ಸೀಮಂತ ಯಾವುದೇ ಇರಲಿ, ಹಸೆಮಣೆಯ ಪಕ್ಕದಲ್ಲಿ ಆ ಕಂಠವಿಲ್ಲದೆ ಶುಭಕಾರ್ಯ ನಡೆಯುತ್ತಿರಲಿಲ್ಲ. ಕೊನೆಗಾಲದಲ್ಲಿ ನಮ್ಮಲ್ಲಿದ್ದಾಗ ಅತ್ತೆ ಹಾಡಿದ್ದನ್ನೆಲ್ಲ ವಿಮಲಾ ನೇರವಾಗಿ ಕಂಪ್ಯೂಟರಿಗೇ ಟೈಪ್ ಮಾಡಿಕೊಂಡಿದ್ದಳು. ಅತ್ತೆ ಹೋದರು. ಹಾಡುಗಳು ಅಲ್ಲಿ ಮಾತ್ರ ಉಳಿದವು. ಪ್ರಿಂಟರ್ ಕೊಳ್ಳುವ ಖಾತೆ ನನ್ನದಾದ್ದರಿಂದ ಮುದ್ರಣಯೋಗ ಅವಕ್ಕೆ ಇನ್ನೂ ಕೂಡಿಬಂದಿರಲಿಲ್ಲ.

ಹನುಮಂತನಗರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಉಮೇಶ್ ಬಂದು ಕಿವಿಗೊಟ್ಟು ಕೇಳಿದರು. "ಹಾರ್ಡ್ ಡಿಸ್ಕ್ ಹೋಗ್ತಿದೆ ಸಾರ್. ಹೊಸದಕ್ಕೆ ಫ್ರೆಶ್ಶಾಗಿ ವಿಂಡೋಸ್ ಹಾಕಿ, ಫೈಲ್ ಕಾಪಿ ಮಾಡ್ಕೊಡ್ತೀನಿ."

ತೊಡಕಿದ್ದದ್ದು ಅಲ್ಲೇ. ಹಾಡುಗಳನ್ನು ಬರೆದಿದ್ದ ಕನ್ನಡ ತಂತ್ರಾಂಶದ ಫ್ಲಾಪಿಗೆ ಬೂಷ್ಟು ಹಿಡಿದಿತ್ತು, ಅದನ್ನು ಮಾರಿದವರು ಅಂಗಡಿಯನ್ನೇ ಮುಚ್ಚಿದ್ದರು. ಆ ತಂತ್ರಾಂಶವಿಲ್ಲದೆ ತೆರೆದರೆ ಅತ್ತೆಯ ಸಾಹಿತ್ಯವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ.

"ಇರೋ ವಿಂಡೋಸನ್ನೇ ಆ ಕನ್ನಡ ಸಾಫ್ಟ್‌ವೇರ್ ಸಮೇತ ಹಾಗೇ ಎತ್ತಿ ಹೊಸದರಲ್ಲಿ ಇಡಕ್ಕಾಗಲ್ವಾ?" ಎಂದಳು ವಿಮಲಾ.

"ಆಗತ್ತೆ ಮೇಡಂ, ಅದಕ್ಕೊಂದು ಸಿ.ಡಿ. ಇದೆ. ಆದ್ರೆ ಹಳೇದು ಮಧ್ಯದಲ್ಲಿ ಕೈ ಕೊಟ್ರೆ ನನ್ನನ್ನ ಕೇಳ್ಬಾರ್ದು."

"ಸಿ.ಡಿ. ಕೊಡಿ, ನಾನೇ ಮಾಡ್ತೀನಿ" ಎಂದಿತು ಒಂದು ಧ್ವನಿ. ಹೇಳಿದವರು ಯಾರೆಂದು ನಾನೂ ತಿರುಗಿ ನೋಡಿದೆ; ಧ್ವನಿ ನನ್ನದೇ! ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸುವ ನನಗೆ ಫ್ಯೂಸ್ ಕಟ್ಟಲೂ ಬಾರದೆಂಬುದು ಬೀದಿಗೆಲ್ಲ ಗೊತ್ತಿದ್ದ ಸತ್ಯ.

ಅವೆನ್ಯೂ ರಸ್ತೆಯ ಆಚೆಯ ಗಲ್ಲಿಯಿಂದ ಹೊಸ ಡಿಸ್ಕನ್ನು ಎದೆಗವಚಿಕೊಂಡು ತಂದೆ. ಯಂತ್ರದೊಳಗೆ ಎರಡು ಡಿಸ್ಕುಗಳಿದ್ದರೆ ಒಂದು ಯಜಮಾನ, ಇನ್ನೊಂದು ಸೇವಕ. ಪದವಿಯನ್ನು ನಿರ್ಧರಿಸುವುದು ಬೆನ್ನಿನ ಮೇಲಿನ ಪುಟ್ಟದೊಂದು ಪಿನ್ನು. ಹೊಸದನ್ನು ಸೇವಕನನ್ನಾಗಿ ಕೂರಿಸಿ, ಸಿ.ಡಿ. ಹಾಕಿದೆ. ಎರಡೂ ಡಿಸ್ಕುಗಳ ಅಳತೆ ತೋರಿಸಿ, ಯಾವುದರಿಂದ ಯಾವುದಕ್ಕೆ ನಕಲು ಎಂದು ಪರದೆ ಕೇಳಿತು. ಮೂಲವೆಂದು ಮೇಲಿದ್ದುದನ್ನು ಆರಿಸಿ ಬೆರಳೆತ್ತಿದೆ.

"ನಿಲ್ಲಿ!" ಎಂದು ವಿಮಲಾ ಕೈ ಹಿಡಿದಳು. "ಅದು ದೊಡ್ಡದಲ್ವಾ? ಹಳೇದು ಚಿಕ್ಕದು. ಖಾಲೀದನ್ನ ತಗೊಂಡು ಹೋಗಿ ಹಾಡಿನ ಮೇಲೆ ಸುರೀತಿದ್ದೀರಲ್ರೀ!"

ತರ್ಕಶಾಸ್ತ್ರ ತಲೆ ತಗ್ಗಿಸಿತು. ದಿಕ್ಕು ತಿದ್ದಿ ಗುಂಡಿ ಒತ್ತಿದೆ. ನೀಲಿ ಪಟ್ಟಿ ತೆವಳಿತು, ಹಳೆಯ ಡಿಸ್ಕು ಕಟಕಟಿಸಿತು, ಅರ್ಧ ದಾರಿಯಲ್ಲಿ ಪಟ್ಟಿ ನಿಂತೇಬಿಟ್ಟಿತು. ವಿಮಲಾ ಜ್ವರ ಬಂದ ಮಗುವನ್ನು ಮುಟ್ಟುವಂತೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಒಂದು ನರಳಿಕೆ, ಮತ್ತೆ ಚಲನೆ, ಕೊನೆಗೂ ಪೂರ್ಣಾಹುತಿ.

ಹಳೆಯದನ್ನು ಕಳಚಿ ಸ್ವಿಚ್ ಹಾಕಿದರೆ ಪರದೆಯ ತುಂಬ ಕಗ್ಗತ್ತಲೆ. ಆಮೇಲೆ ಹೊಳೆಯಿತು: ಯಜಮಾನ ಗತಿಸಿದರೂ ಹೊಸಬ ಸೇವಕನ ವೇಷದಲ್ಲೇ ಇದ್ದ. ಪಿನ್ನು ಬದಲಿಸಿ ಪಟ್ಟಾಭಿಷೇಕ ಮಾಡಿದೆ. ವಿಂಡೋಸ್ ಏನೂ ನಡೆದೇ ಇಲ್ಲವೆಂಬಂತೆ ಅರಳಿತು. ವಿಮಲಾ ಫೈಲ್ ತೆರೆದಳು. ದುಂಡು ದುಂಡಾದ ಕನ್ನಡ! ಒತ್ತಕ್ಷರ ಸಹಿತ, ದೀರ್ಘ ಸಹಿತ, ಒಂದೂ ಚ್ಯುತಿಯಿಲ್ಲದೆ.

ಅವಳು ಮೊದಲು ಗುನುಗಿದಳು, ಆಮೇಲೆ ಗಂಟಲು ಬಿಟ್ಟು ಹಾಡತೊಡಗಿದಳು. ಅತ್ತೆಯ ಆರತಿ ಹಾಡು, ಅತ್ತೆಯದೇ ಧಾಟಿಯಲ್ಲಿ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಸುಬ್ಬಮ್ಮನವರು ಇಣುಕಿದರು.

"ಏನಮ್ಮಾ ವಿಮಲಾ, ಮಟಮಟ ಮಧ್ಯಾಹ್ನ ಆರತಿ ಹಾಡು? ಯಾರಿಗೆ?"

"ಕಂಪ್ಯೂಟರಿಗೆ" ಎಂದ ವಿಮಲಾ, ತಲೆತುಂಬ ಧೂಳು ಮೆತ್ತಿಕೊಂಡು ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ ನನ್ನತ್ತ ನೋಡಿ ನಕ್ಕಳು. "ಇವರಿಗೂನೂ!"