ಸೋರುವ ಗಾಳಿಯ ವೈರಿ
ವಿದ್ಯುತ್ ತಂತಿಯನ್ನು ಹೊಸ್ತಿಲೊಳಗೆ ಬಿಡದ ಓಹಾಯೋದ ಆಮಿಷ್ ಎಂಬ ಕ್ರೈಸ್ತ ಪಂಗಡದ ಬಡಗಿ ಎನಸ್ ಟ್ರಾಯರನಿಗೆ ಲೋಕದ ಪಾಪಗಳೆಲ್ಲ ಒಂದೇ ಸದ್ದಿನಲ್ಲಿ ಕೇಳಿಸುತ್ತವೆ: ಬುಸ್ಸೆಂದು ಸೋರುವ ಗಾಳಿಯ ಸದ್ದಿನಲ್ಲಿ. ಪ್ರತಿ ಬೆಳಿಗ್ಗೆ ಗೋಡೆ ನಡುಗುವಂತೆ ಗುಡುಗುವ ಡೀಸೆಲ್ ಎಂಜಿನ್ ಓಡಿಸಿ, ಅಡುಗೆ ಅನಿಲದ ಹಳೆಯ ಟ್ಯಾಂಕೊಂದಕ್ಕೆ ಅವನು ಗಾಳಿ ತುಂಬುತ್ತಾನೆ. ಕಾರ್ಖಾನೆಯ ಗರಗಸಗಳೆಲ್ಲ ದಿನವಿಡೀ ಆ ಗಾಳಿಯಿಂದಲೇ ತಿರುಗಬೇಕು. ಆಮೇಲೆ ಕೊಳವೆಯ ಒಂದೊಂದು ಕೀಲಿಗೂ ಕುಂಚದಿಂದ ಸಾಬೂನು ನೀರು ಬಳಿಯುತ್ತಾನೆ; ಗುಳ್ಳೆ ಎದ್ದರೆ ಕೆಂಡವಾಗುತ್ತಾನೆ. “ಯಾರಪ್ಪಾ ಇಲ್ಲಿ ಹಾವು ಸಾಕಿರೋದು?” “ಗಾಳಿ ತಾನೇ ಮಾವ, ಪುಕ್ಕಟೆ ಸಿಗತ್ತಲ್ಲ,” ಎಂದ ಹೊಸ ಅಳಿಯ ಮಾಲನ್. “ಹಂಗಾದ್ರೆ ನೀವೇ ಊದಿ ತುಂಬ್ಸಿ, ಅಳಿಯಂದಿರೆ. ಬಾಯಿ ದೊಡ್ಡದಾಗೇ ಇದೆ.” ಇಂಥ ಜಿಪುಣನ ಕೈಕೆಳಗೆ ದುಡಿಯಬೇಕಲ್ಲ ಎಂದು ಮಾಲನ್ ಎರಡು ತಿಂಗಳು ಒಳಗೊಳಗೇ ಕುದಿದ. ಒಂದು ಮಧ್ಯಾಹ್ನ ಗಾಳಿ ಮುಗಿದು ಗರಗಸ ನಿಂತಾಗ, ಅವನು ಸಿಡುಕುತ್ತಲೇ ಎಂಜಿನ್ ಹಚ್ಚಲು ಹೊರಟ. ಎನಸ್ ಅಡ್ಡ ನಿಂತು, ಎಂಜಿನ್ನಿನ ಹಿಂದಿನ ಗೋಡೆಯತ್ತ ಕಣ್ಣು ಹಾಯಿಸಿದ. ಅದರಾಚೆ, ವರ್ಷದಿಂದ ಹಾಸಿಗೆ ಹಿಡಿದಿದ್ದ ಅವನ ಹೆಂಡತಿ ಲವೈನಾಳ ಕೋಣೆ. “ಈಗ ಮುಟ್ಟಬೇಡ ಕಣಪ್ಪ,” ಎಂದ ಮೆಲ್ಲಗೆ. “ನಿಮ್ಮತ್ತೆಗೆ ಈಗಷ್ಟೇ ನಿದ್ದೆ ಹತ್ತಿದೆ.” ಮಾಲನ್ ಹಿಂತಿರುಗಿ, ಸಾಬೂನು ನೀರಿನ ಡಬ್ಬಿಯನ್ನು ಎತ್ತಿಕೊಂಡ.