ಬಿಚ್ಚಿದ ಕೈಗೊಂದು ಹಿಡಿ

ಮೊನ್ನೆ ಊಟಿ ಮಾರ್ಕೆಟ್ಟಿನ ಹಿಂಬದಿಯಲ್ಲಿ, ಮಸಿನಗುಡಿ ಕಡೆಯ ಕುರುಂಬರ ಹೆಂಗಸೊಬ್ಬಳು ಎಲೆಯಲ್ಲಿ ಸುತ್ತಿದ ಜೇನುಮೇಣ ಇಟ್ಟುಕೊಂಡು ಕೂತಿದ್ದಳು. ಬಿಸಿಲಿಗೆ ಮೇಣ ಸ್ವಲ್ಪ ಬೆವರಿತ್ತು. ಅದರ ವಾಸನೆ ಮೂಗಿಗೆ ಬರುವುದಕ್ಕೂ, ಕೋಟಿನ ಜೇಬಿನೊಳಗೆ ನನ್ನ ಬಲಗೈ ತಾನಾಗಿ ಮುದುರಿಕೊಳ್ಳುವುದಕ್ಕೂ ಸರಿಹೋಯಿತು. ಮುದುರಿದ ಬೆರಳು ಮತ್ತೆ ಸಡಿಲವಾಗಲು ಬಹಳ ಹೊತ್ತು ಬೇಕಾಯಿತು. ಅಷ್ಟು ಹೊತ್ತೂ ನಾನು ಅಲ್ಲೇ ನಿಂತು ಕಾಂಪೌಂಡರಣ್ಣನನ್ನು ನೆನೆಯುತ್ತಿದ್ದೆ...

ಅದು ಬಿಳಿ ದೊರೆಗಳ ಕಾಲ. ಘಾಟಿ ರಸ್ತೆಯಲ್ಲಿ ಮೋಟಾರಿನ ಸದ್ದು ಕೇಳಿದರೆ ಜನ ಬೇಲಿಯ ತನಕ ಬಂದು ನೋಡುತ್ತಿದ್ದರು. ನಾನು ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಊಟಿಗೆ ಬಂದು ಮೋಟಾರು ರಿಪೇರಿಗಿಳಿದ ಕಮ್ಮಾರ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ತಿದಿ ಹಿಡಿದವನು. ಗಾಡಿಯ ಮೇಲೆ ಕೊರೆದ ಇಂಗ್ಲಿಷ್ ಅಕ್ಷರ ನನಗೆ ಬರುತ್ತಿರಲಿಲ್ಲ, ಆದರೆ ಅದು ಎಲ್ಲಿ ಕೆಮ್ಮುತ್ತಿದೆ ಎಂದು ಬೀದಿಯ ಆ ತುದಿಯಲ್ಲಿರುವಾಗಲೇ ಹೇಳಿಬಿಡುತ್ತಿದ್ದೆ. ನನ್ನ ಕೈ ಬಗ್ಗೆ ನನಗೆ ಹೆಮ್ಮೆ ಇತ್ತು. ಈಗಲೂ ಇದೆ ಅನ್ನಿ, ಕೈಯ ಹಿಡಿತ ಹೋದರೂ.

ಕಾಂಪೌಂಡರಣ್ಣ ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಎತ್ತಿನ ಗಾಡಿಯಲ್ಲಿ. ಹಿಂದೆ ಹುಲ್ಲಿನ ಮೇಲೆ ಅವರ ಮೋಟಾರ್ ಸೈಕಲ್ಲು ಮಲಗಿತ್ತು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ಕೆಳಗಿಳಿದು ಎರಡೂ ಕೈ ಮುಂದಕ್ಕೆ ಚಾಚಿದರು. ಬೆರಳ ಗಿಣ್ಣುಗಳೆಲ್ಲ ಶುಂಠಿಯ ಹಾಗೆ ಊದಿಕೊಂಡಿದ್ದವು.

"ಇದು ಸಂದಿವಾತ ಕಣಪ್ಪ. ಊರಿಗೆಲ್ಲ ಮದ್ದು ಕೊಡೋನು ನಾನು, ನನಗೆ ಮದ್ದಿಲ್ಲ. ಕೈನಂತೂ ರಿಪೇರಿ ಮಾಡೋರು ಯಾರೂ ಇಲ್ಲ, ಗಾಡಿನಾದ್ರೂ ಮಾಡು."

ದೇವಾಲದ ಆಚೆ ಒಂದು ಟೀ ಎಸ್ಟೇಟಿನಲ್ಲಿ ಅವರಿಗೆ ಕೆಲಸ. ಕೂಲಿಯವರು ಸಾಲು ಸಾಲಾಗಿ ವಾಸವಿದ್ದ ಲಯನ್‌ಮನೆಗಳಿಗೆ ಕ್ವಿನೈನು ಹೊತ್ತು ತಿರುಗಬೇಕು. ಮೊದಲು ನಡೆದೇ ಹೋಗುತ್ತಿದ್ದರಂತೆ. ಒಂದು ಮಳೆಗಾಲ ಹಾಗೆ ದೂರದ ಲಯನ್ನಿಗೆ ನಡೆದುಹೋದಾಗ ಇತ್ತ ಮನೆಯಲ್ಲಿ ಹೆಂಡತಿಗೆ ಜ್ವರ ಏರಿತು. ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಅವರು ಮೋಟಾರ್ ಸೈಕಲ್ಲು ಕಲಿತರು. ತನ್ನ ಸೀಮೆಗೆ ವಾಪಸು ಹೋದ ದೊರೆಯೊಬ್ಬ ಬಿಟ್ಟುಹೋದ ಗಾಡಿ ಅದು. ಈಗ ಕೈ ಹಿಡಿತ ತಪ್ಪುತ್ತಿತ್ತು. ಗಾಡಿ ಓಡಿಸಲಾರದವನಾದರೆ ಬೇರೆ ಕಾಂಪೌಂಡರನ್ನು ಕರೆಸುತ್ತೇನೆ ಎಂದು ಹೊಸ ದೊರೆ ಹೇಳಿಬಿಟ್ಟಿದ್ದ. ಆ ಗಾಡಿಯಿಂದ ಇಳಿದರೆ ಕಾಂಪೌಂಡರಣ್ಣನಿಗೆ ಮುಂದೆ ಬದುಕೇ ಇರಲಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಾಯಿತು.

ಆಗಿನ ಮೋಟಾರ್ ಸೈಕಲ್ಲೆಂದರೆ ಎಲ್ಲವೂ ಕೈಯ ಕೆಲಸ. ಪೆಟ್ರೋಲಿಗೆ ಒಂದು ಪುಟ್ಟ ಲಿವರು, ಗಾಳಿಗೆ ಒಂದು, ಕಿಡಿಗೆ ಇನ್ನೊಂದು. ಎಲ್ಲ ಹೆಬ್ಬೆರಳಲ್ಲೇ ತಳ್ಳಬೇಕು. ಎಡಗೈಯಲ್ಲಿ ಕ್ಲಚ್ಚು, ಬಲಗೈಯಲ್ಲಿ ಬ್ರೇಕು. ಗೇರು ಬದಲಾಯಿಸಬೇಕಾದರೆ ಹ್ಯಾಂಡಲ್ಲು ಬಿಟ್ಟು ಟ್ಯಾಂಕಿನ ಪಕ್ಕದ ಕಂಬಿ ಎಳೆಯಬೇಕು. ನಾನು ಕ್ಲಚ್ಚನ್ನೂ ಬ್ರೇಕನ್ನೂ ಕಾಲಿಗೆ ಇಳಿಸಿದೆ. ಲಿವರುಗಳನ್ನು ಉದ್ದ ಮಾಡಿ, ತುದಿಗೆ ಮರದ ಗುಂಡು ಕೂರಿಸಿ, ಅಂಗೈಯ ಬುಡದಿಂದಲೇ ತಳ್ಳುವ ಹಾಗೆ ಮಾಡಿದೆ. ಗೇರಿನ ಕಂಬಿಗೆ ತೊಗಲಿನ ಕುಣಿಕೆ ಹಾಕಿ, ಮಣಿಕಟ್ಟು ತೂರಿಸಿ ಎಳೆದರೆ ಸಾಕು ಅನ್ನುವಂತಾಯಿತು. ಇಷ್ಟೆಲ್ಲ ಆದ ಮೇಲೂ ಉಳಿದದ್ದು ಹ್ಯಾಂಡಲ್ಲಿನ ಹಿಡಿ. ನಡುವಟ್ಟದಿಂದ ಗೂಡಲೂರಿಗೆ ಇಳಿಯುವ ಆ ಕಲ್ಲುರಸ್ತೆಯಲ್ಲಿ ಹ್ಯಾಂಡಲ್ಲು ಒದರುವ ಒದರಿಗೆ ಅವರ ಬಲಗೈ ಹಿಡಿಯಿಂದ ಕಳಚಿ ಬೀಳುತ್ತಿತ್ತು.

ಆಗ ಹೊಳೆದದ್ದು ಮೇಣ. ಬೆಚ್ಚಗೆ ಮಾಡಿದ ಜೇನುಮೇಣದ ಮುದ್ದೆ ಕೊಟ್ಟು, ನೋವಾಗದಷ್ಟು ಹಿಡಿಯಿರಿ ಅಂದೆ. ಅವರ ಕೈ ಹೇಗೆ ಮುಚ್ಚುತ್ತದೋ ಹಾಗೇ ಅಚ್ಚು ಬಿತ್ತು. ಆ ಅಚ್ಚು ನೋಡಿಕೊಂಡು ಬೀಟೆ ಮರದಲ್ಲಿ ಹಿಡಿ ಕೆತ್ತಿದೆ. ಪ್ರತಿ ಬೆರಳಿಗೂ ಅದರದೇ ಹಳ್ಳ. ಅವರು ಹಿಡಿದು ನೋಡಿ ಕಣ್ಣು ಮುಚ್ಚಿದರು. "ಯಾರೋ ಕೈಕುಲುಕ್ದಂಗೆ ಐತೆ ಕಣೋ ತಮ್ಮ," ಅಂದರು.

ಒಂದು ಮಳೆಗಾಲ ಕಳೆದು ಬಂದಾಗ ಆ ಹಿಡಿ ಅವರಿಗೆ ಆಗುತ್ತಿರಲಿಲ್ಲ. ಕೈ ಇನ್ನಷ್ಟು ಮುಚ್ಚಿತ್ತು. ಮತ್ತೆ ಮೇಣ, ಮತ್ತೆ ಅಚ್ಚು, ಇನ್ನೂ ತೆಳ್ಳಗಿನ ಹಿಡಿ. ಹಳೆಯ ಅಚ್ಚನ್ನು ಅಂಗಡಿಯ ಹಲಗೆಯ ಮೇಲೆ ಇಟ್ಟಿದ್ದೆ. ಹೊಸದನ್ನೂ ಅದರ ಪಕ್ಕದಲ್ಲಿಟ್ಟೆ. ನನ್ನ ಹೆಂಡತಿ ಆ ಹಲಗೆಯ ಕೆಳಗೆ ಕಸ ಗುಡಿಸುವುದನ್ನೇ ಬಿಟ್ಟಳು.

"ಅದ್ನ ಯಾರೋ ಇನ್ನೂ ಹಿಡ್ಕಂಡೇ ಅವ್ರೆ," ಅನ್ನುತ್ತಿದ್ದಳು.

"ಮೇಣ ಕಣೇ ಅದು."

"ಮೇಣ ಅಂತ ನಂಗೂ ಗೊತ್ತು. ಹಿಡ್ಕಂಡಿರೋರು ಯಾರು ಅಂತ ಹೇಳಿ."

ಮುಂದಿನ ಮಳೆ ಶುರುವಾಗುವ ಮುಂಚೆ ಕಾಂಪೌಂಡರಣ್ಣ ಬಂದು, ಈ ಸಲ ಘಾಟಿ ಕುಸಿದರೆ ಎಷ್ಟು ದಿನ ಮೇಲೆ ಬರಲಾಗುವುದಿಲ್ಲವೋ, ಮಳೆ ಮುಗಿದಾಗ ಇರುವ ಕೈಗೂ ಒಂದು ಹಿಡಿ ಈಗಲೇ ಮಾಡಿಕೊಡು ಅಂದರು. ಇನ್ನೂ ಇಲ್ಲದ ಕೈಗೆ ಹಿಡಿ! ನನಗೆ ಹುರುಪು ಬಂತು. ಎರಡೂ ಅಚ್ಚು ಅಕ್ಕಪಕ್ಕ ಇಟ್ಟು, ಬೆರಳು ಯಾವ ದಾರಿಯಲ್ಲಿ ಬಾಗುತ್ತಾ ಬಂದಿದೆ ಎಂದು ನೋಡಿ, ಅದೇ ದಾರಿಯಲ್ಲಿ ಮುಂದುವರಿಸಿ ಕೆತ್ತಿದೆ. ಕಿರುಬೆರಳ ಜಾಗಕ್ಕೆ ಬಂದಾಗ ಮರದಲ್ಲಿ ಒಂದು ಗಂಟು ಸಿಕ್ಕಿತು. ಉಳಿಗೆ ಅದು ಬಗ್ಗಲಿಲ್ಲ. ಒಳ್ಳೆಯ ತುಂಡು, ಎಸೆಯಲು ಮನಸ್ಸಾಗಲಿಲ್ಲ. ಗಂಟನ್ನು ತಪ್ಪಿಸಿ ಕಿರುಬೆರಳ ಹಳ್ಳವನ್ನು ಹೊರಕ್ಕೆ ತಿರುಗಿಸಿಬಿಟ್ಟೆ. ಅದು ಅಚ್ಚಿನಲ್ಲಿ ಇದ್ದದ್ದಲ್ಲ, ಮರ ಮಾಡಿಸಿದ್ದು. ಇದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ.

ಅವರು ನೋಡಿ ನಕ್ಕರು. "ಕಿರುಬೆರಳು ಎತ್ಲಾಗ್ ಹೊಂಟದೋ? ತವರಿಗಾ?"

"ಮರದಲ್ಲಿ ಗಂಟಿತ್ತು ಅಣ್ಣ. ಅಡ್ಜಸ್ಟ್ ಮಾಡ್ಕಳಿ."

ಮಳೆ ನಿಂತು ದಾರಿ ತೆರೆದ ಮೇಲೆ ಒಂದು ಮಧ್ಯಾಹ್ನ, ಮಂಜಿನ ಕಾವಳ ಬಾಗಿಲ ತನಕ ಬಂದು ನಿಂತಿದ್ದಾಗ, ಅವರ ಗಾಡಿಯ ಸದ್ದು ಕೇಳಿತು. ಸದ್ದು ನಿಂತ ಮೇಲೂ ಯಾರೂ ಒಳಗೆ ಬರಲಿಲ್ಲ. ಹೊರಗೆ ಹೋದೆ. ಗಾಡಿಯ ಮೇಲೆ ಹಾಗೇ ಕೂತಿದ್ದರು. ಹಿಡಿಯಿಂದ ಬಲಗೈಯನ್ನು ಮೆಲ್ಲಗೆ ಬಿಡಿಸಿ ನನ್ನ ಮುಖದ ಹತ್ತಿರ ತಂದರು. ಕಿರುಬೆರಳು ಹೊರಕ್ಕೆ ತಿರುಗಿತ್ತು.

"ಆ ಹಿಡೀನೇ ಹಿಡ್ದು ಹಿಡ್ದು ಹಂಗಾಗೈತೆ," ಅಂದೆ.

"ಇಲ್ಲ ಕಣೋ. ಹಿಡಿ ಮದ್ದಿನ ಪೆಟ್ಟಿಗೇಲೇ ಇತ್ತು. ಮೊನ್ನೆ ತೆಗ್ದು ಗಾಡಿಗೆ ಹಾಕ್ದೆ. ಬೆರಳು ಅದಕ್ಕೆ ಮೊದಲೇ ತಿರುಗಿತ್ತು."

"ನೋವಾಯ್ತಾ?"

"ಒಂಚೂರೂ ಆಗ್ಲಿಲ್ಲ. ಅದೇ ಹೆದ್ರಿಕೆ." ಆಮೇಲೆ ಆ ಕೈಯನ್ನು ಮತ್ತೆ ಹಿಡಿಯ ಮೇಲಿಟ್ಟು ಹೇಳಿದರು: "ನೀ ಮಾಡಿ ಇಟ್ಟೆ. ಕೈ ಬಂತು."

ನಾನು ತಪ್ಪು ಮಾಡಿದೆ ಎಂದು ಅವರು ಹೇಳಲಿಲ್ಲ, ನನಗೂ ಹಾಗೆ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸಿಲ್ಲ. ಕೆಲಸ ಚೊಕ್ಕವಾಗಿತ್ತು. ಆದರೆ ಆ ದಿನ ಅವರು ಹೋದ ಮೇಲೆ ಉಳಿ ಮುಟ್ಟಲು ನನಗೆ ಮನಸ್ಸು ಬರಲಿಲ್ಲ.

ಕೊನೆಯ ಸಲ ಬಂದಾಗ ಮತ್ತೆ ಮಳೆಗಾಲ ಹತ್ತಿರವಿತ್ತು. ಅಚ್ಚು ತೆಗೆಯೋಣವೆಂದು ಮೇಣ ಬಿಸಿ ಮಾಡಿದೆ. ಅವರ ಬೆರಳಿಗೂ ಅಂಗೈಗೂ ನಡುವೆ ಮೇಣ ಹೋಗಲಿಲ್ಲ. ಮೇಣವೇ ಹೋಗದ ಕಡೆ ಮರ ಎಲ್ಲಿಂದ ಹೋಗಬೇಕು? ಇನ್ನು ಹಿಡಿ ಮಾಡಲು ಜಾಗವಿಲ್ಲ ಅಣ್ಣ ಅಂದೆ. ಅವರು ಮುಚ್ಚಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯನ್ನೇ ನೋಡುತ್ತಿದ್ದರು.

"ಬಿಚ್ಚಿದ ಕೈಗೆ ಒಂದು ಮಾಡು," ಅಂದರು.

"ಆಂ?"

"ಗಟ್ಟಿಮುಟ್ಟಾದ ಕೈಗೆ. ಮಾಡಿ ಕೊಡು, ಆ ಕೈ ಬತ್ತದಾ ನೋಡಾಣ. ಕಿರುಬೆರಳು ನಿನ್ ಮಾತು ಕೇಳ್ತಲ್ಲ, ಮಿಕ್ಕವೂ ಕೇಳ್ಲಿ."

ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆದರೆ ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ. ಆ ಮಳೆಗಾಲ ಗಾಡಿ ನಿಂತರೆ ಅವರೂ ನಿಂತುಹೋಗುತ್ತಾರೆ ಎಂದು ಎದುರಿಗೇ ಕಾಣುತ್ತಿತ್ತು. ಒಳ್ಳೆಯ ಕೈಯ ಅಚ್ಚು ಬೇಕಲ್ಲ? ಬಿಸಿ ಮೇಣದ ಮುದ್ದೆಯನ್ನು ನಾನೇ ಹಿಡಿದೆ. ನನ್ನ ಬಲಗೈ. ಆ ಅಳತೆಗೆ ಹಿಡಿ ಕೆತ್ತಿ, ಮೇಣ ಉಜ್ಜಿ ಗಾಡಿಗೆ ಹಾಕಿದೆ. ಅವರು ಮುಚ್ಚಿದ ಮುಷ್ಟಿಯನ್ನು ಅದರ ಮೇಲೆ ಸುಮ್ಮನೆ ಊರಿ, ತೊಗಲಿನ ಪಟ್ಟಿಯಲ್ಲಿ ಮಣಿಕಟ್ಟನ್ನು ಬಿಗಿದುಕೊಂಡು ಹೊರಟರು. ಪೈಕಾರ ದಾರಿಯ ಕಾವಳದಲ್ಲಿ ಗಾಡಿ ಬೇಗ ಮರೆಯಾಯಿತು. ಸದ್ದು ಮಾತ್ರ ಬಹಳ ಹೊತ್ತು ಇತ್ತು. ಇರಬೇಕಾದದ್ದಕ್ಕಿಂತ ಹೆಚ್ಚು ಹೊತ್ತು...

ಮಳೆ ಕಳೆದ ಮೇಲೆ ಆ ಗಾಡಿ ಮೊದಲ ಸಲ ಬಂದ ಹಾಗೇ ಎತ್ತಿನ ಗಾಡಿಯಲ್ಲಿ ಬಂತು. ಜೊತೆಗೆ ಬಂದವನು ಎಸ್ಟೇಟಿನ ಕಂಗಾಣಿ, ಕೂಲಿಯವರ ಮೇಸ್ತ್ರಿ. ತಮಿಳಿನವನು, ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು. ಗಾಡಿ ನನಗೇ ಸೇರಬೇಕು ಎಂದು ಕಾಂಪೌಂಡರ್ ಹೇಳಿಹೋಗಿದ್ದಾರೆ ಅಂದ. ಹೇಳಿಹೋಗಿದ್ದಾರೆ ಎಂದ ಕೂಡಲೇ ನನಗೆ ತಿಳಿಯಿತು.

"ಜ್ವರ ಅಣ್ಣೇ. ಮೈ ಸುಡ್ತಾ ಇದ್ರೂ ಗಾಡಿ ಬಿಡ್ಲಿಲ್ಲ. ಆಚೆ ಲಯನ್ನಲ್ಲಿ ಬಾಣಂತಿ ಒಬ್ಳು ಇದ್ಲು, ಹೋಗಿ ಮದ್ದು ಕೊಟ್ಟು ಬಂದ್ರು. ಆಯಮ್ಮ ಈಗ ಚೆನ್ನಾಗವ್ಳೆ. ಇವ್ರು ಬಂದು ಮಲಗಿದ್ರು, ಏಳ್ಲಿಲ್ಲ."

"ಆ ಕೈಲಿ ಹೆಂಗಪ್ಪ ಓಡಿಸಿದ್ರು? ಪಟ್ಟಿ ಕಟ್ಕಂಡಾ?"

"ಪಟ್ಟಿ ಏನೂ ಇರ್ಲಿಲ್ಲ. ಗಟ್ಟಿಯಾಗಿ ಹಿಡ್ಕೊಂಡು ಬಂದ್ರು, ನಾನೇ ನೋಡ್ದೆ."

"ಅವ್ರ ಕೈ ಮುಚ್ಚೋಗಿತ್ತಲ್ಲಪ್ಪ."

ಅವನು ತಲೆಯಾಡಿಸಿದ. "ಇಲ್ಲ ಅಣ್ಣೇ. ಮೀಯಿಸೋವಾಗ ಕೈ ತೊಳ್ದವನು ನಾನು. ಬೆರಳೆಲ್ಲ ನೆಟ್ಟಗೆ ಇತ್ತು. ನಿಮ್ ಕೈ ಇದೆ ಅಲ್ಲ, ಇದೇ ಥರ."

ಇಷ್ಟು ಹೇಳಿ ಅವನು ಎತ್ತುಗಳಿಗೆ ಹುಲ್ಲು ಹಾಕಲು ಹೋದ. ಅವನಿಗೆ ಅದು ಏನೂ ಅಲ್ಲದ ಮಾತು. ಸತ್ತ ಮೇಲೆ ಮೈ ಸಡಿಲವಾಗುವುದುಂಟು ಎಂದು ಆಮೇಲೆ ಬಲ್ಲವರೊಬ್ಬರು ಹೇಳಿದರು. ಇರಬಹುದು. ಆದರೆ ಕಂಗಾಣಿ ಅವರನ್ನು ಗಾಡಿಯ ಮೇಲೂ ನೋಡಿದ್ದನಲ್ಲ.

ಗಾಡಿಯನ್ನು ನಾನು ಓಡಿಸಲಿಲ್ಲ. ಅದು ಅಂಗಡಿಯ ಮೂಲೆಯಲ್ಲೇ ತುಕ್ಕು ಹಿಡಿಯಿತು. ಗಂಟಿನ ಹಿಡಿ ಅವರ ಮದ್ದಿನ ಪೆಟ್ಟಿಗೆಯೊಳಗೆ ಬಂದಿತ್ತು, ಬಿಚ್ಚಿದ ಕೈಯ ಹಿಡಿ ಹ್ಯಾಂಡಲ್ಲಿನಲ್ಲೇ ಇತ್ತು. ಎರಡನ್ನೂ ತೆಗೆದು ಒಂದೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ನನ್ನ ಹೆಂಡತಿ ಇರುವ ತನಕ ಆ ಟ್ರಂಕಿಗೆ ಕೈ ಹಾಕಲಿಲ್ಲ.

ಮೊನ್ನೆ ಮಾರ್ಕೆಟ್ಟಿನಿಂದ ಬಂದವನು ಟ್ರಂಕು ತೆರೆದೆ. ಬಟ್ಟೆಯೊಳಗೆ ಮೇಣದ ವಾಸನೆ ಹಾಗೇ ಇತ್ತು. ನನ್ನದೇ ಕೈಯ ಅಳತೆಗೆ ಮಾಡಿದ ಹಿಡಿಯನ್ನು ಹಿಡಿದು ನೋಡಿದೆ. ಆಗಲಿಲ್ಲ. ಬೆರಳು ಹಳ್ಳದೊಳಕ್ಕೆ ಕೂರಲಿಲ್ಲ. ಇನ್ನೊಂದನ್ನು, ಗಂಟಿನ ಹಿಡಿಯನ್ನು, ನಾನು ಹಿಡಿದು ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಈ ಚಳಿಗಾಲದಿಂದ ನನ್ನ ಕಿರುಬೆರಳು ಹೊರಕ್ಕೆ ತಿರುಗುತ್ತಿದೆ. ನೋವಿಲ್ಲ.

ಕೆಲಸಗಾರನ ಕೈ, ಮುಪ್ಪು ಬಂತು, ಊಟಿಯ ಚಳಿ ಬೇರೆ, ಅಂತ ಸೊಸೆ ಎಣ್ಣೆ ಬಿಸಿ ಮಾಡಿ ತಂದುಕೊಡುತ್ತಾಳೆ. ಸರಿಯಮ್ಮ ಅನ್ನುತ್ತೇನೆ. ನನ್ನ ಕೈಯ ಅಳತೆ ಕೊಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಬಾಣಂತಿ ಉಳಿದಳಲ್ಲ, ಅವರು ತಮ್ಮ ಗಾಡಿಯ ಮೇಲೇ ಕೊನೆಯ ತನಕ ಇದ್ದರಲ್ಲ. ಆದರೆ ಒಂದು ಮಾತು ಕೇಳುವುದಿತ್ತು. ಆ ಹಿಡಿಯ ಮೇಲೆ ಬೆರಳು ಒಂದೊಂದಾಗಿ ಬಿಚ್ಚಿದಾಗ, ಒಳಗಿನಿಂದ ಯಾರಾದರೂ ನಿಮ್ಮ ಕೈ ಹಿಡಿದುಕೊಂಡ ಹಾಗೆ ಅನ್ನಿಸಿತಾ ಅಣ್ಣ... ಹಾಗೆ ಕೇಳಬಹುದಾಗಿದ್ದವರು ಅವರೊಬ್ಬರೇ ಇದ್ದರು.