ಗೆರೆ ದಾಟಿದ ಮೇಲೆ ನಕ್ಕವನು

ಗೆದ್ದ! ನಮ್ಮ ಅಳಿಯ ಗೆದ್ದ! ನಿನ್ನೆ ಸಂಜೆ ಶಿರಸಿಯ ಮೈದಾನದಲ್ಲಿ ಹುತುತು, ಅಂದರೆ ಕಬಡ್ಡಿ, ಆಡಿ ಮನ್ಮನೆ ಊರಿನವರನ್ನು ಸೋಲಿಸಿದ. ಏಳು ಮಂದಿ ಸೇರಿ ಸೋಲಿಸಿದ್ದು ಅನ್ನುವುದು ನಿಜ. ಆದರೆ ಕೊನೆಯ ಸಲ ಉಸಿರು ಹಿಡಿದು ಹೋದವನು ಅವನೇ. ಮೂವತ್ತೆಂಟು ತುಂಬಿದವನು, ಎರಡು ಮಕ್ಕಳ ತಂದೆ. ಅತ್ತೆಯಾದ ನಾನು ಹೇಳಿಕೊಳ್ಳದೆ ಮತ್ತ್ಯಾರು ಹೇಳಬೇಕು?

ಅವನ ನಗು ಬಾಯಲ್ಲಿ ಹುಟ್ಟುವುದಲ್ಲ, ಹೊಟ್ಟೆಯಲ್ಲಿ ಹುಟ್ಟುತ್ತದೆ. ಅವನು ಶಿರಸಿ–ಸಿದ್ದಾಪುರ ಬಸ್ಸಿನ ಕಂಡಕ್ಟರ್. ನಗು ಬಂತೆಂದರೆ ಹೊಟ್ಟೆಯ ಮೇಲಿನ ಚರ್ಮದ ಚೀಲ ಮೊದಲು ಒಮ್ಮೆ ಜಿಗಿಯುತ್ತದೆ, ಒಳಗಿನ ಚಿಲ್ಲರೆ ಝಣ್ ಅನ್ನುತ್ತದೆ, ಆಮೇಲೆ ಭುಜಗಳು ಕುಣಿಯುತ್ತವೆ, ಕಟ್ಟಕಡೆಗೆ ಬಾಯಿ ತೆರೆದು ಮುರಿದ ಹಲ್ಲು ಕಾಣುತ್ತದೆ. ಆ ಹಲ್ಲು ಮುರಿದದ್ದೂ ಹುತುತುವಿನಲ್ಲೇ.

ಅವನು ನನ್ನ ತಮ್ಮನ ಮಗ, ಬನವಾಸಿ ಕಡೆಯವನು. ಕನ್ನಡ ರಾಜ್ಯ ಒಂದಾದ ವರ್ಷ ನನ್ನ ಮಗಳನ್ನು ಮದುವೆಯಾಗಿ, ಬಸ್ಸಿನ ಕೆಲಸ ಶಿರಸಿಯಲ್ಲೇ ಇದ್ದುದರಿಂದ ನಮ್ಮ ಮನೆಯಲ್ಲೇ ಉಳಿದ. ಆಗ ನಮ್ಮವರು ತೀರಿಕೊಂಡು ಎರಡು ವರ್ಷ. ಬೆಲ್ಲದ ವ್ಯಾಪಾರ ಮಾಡಿದವರು, ಒಳ್ಳೆಯವರು. ಆದರೆ ಊಟಕ್ಕೆ ಕೂತಾಗ ಯಾರೂ ಮಾತಾಡಬಾರದು, ಹೆಂಗಸರು ನಕ್ಕ ಸದ್ದು ಪಡಸಾಲೆಗೆ ಕೇಳಬಾರದು ಅನ್ನುವ ಶಿಸ್ತು. ಅವರು ಹೋದ ಮೇಲೂ ನಾವು ತಾಯಿ ಮಗಳು ಹಾಗೇ ಸುಮ್ಮನೆ ಉಂಡೇಳುತ್ತಿದ್ದೆವು. ಅಳಿಯ ಬಂದ ಮೊದಲ ವಾರವೇ ಸಾರು ಬಡಿಸುವಾಗ ಅದೇನೋ ಹೇಳಿದ, ನನ್ನ ಕೈಯ ಸೌಟು ನಡುಗಿ ಸಾರು ನೆಲಕ್ಕೆ ಬಿತ್ತು. ಎಷ್ಟು ವರ್ಷದ ಮೇಲೆ ನಕ್ಕಿದ್ದೆನೋ.

ಭಾನುವಾರ ಮಧ್ಯಾಹ್ನ ಅವನಿಗೆ ಹುತುತು ಬೇಕೇ ಬೇಕು. ದರ್ಜಿ, ಅಂಚೆಯವನು, ಕನ್ನಡ ಶಾಲೆಯ ಮಾಸ್ತರರು, ಹೀಗೆ ಹೊಟ್ಟೆ ಬಂದವರೆಲ್ಲ ಸೇರಿ ಆಡುವುದು, ಆಮೇಲೆ ಮಿರ್ಚಿ ಮಂಡಕ್ಕಿ ತಿಂದು ಕತ್ತಲಾಗುವ ಹೊತ್ತಿಗೆ ಮನೆಗೆ. ಅವನಿಗಿದ್ದದ್ದು ಒಂದೇ ಆಸೆ: ವರ್ಷಕ್ಕೊಮ್ಮೆ ನಡೆಯುವ ಆಟದಲ್ಲಿ ಮನ್ಮನೆಯವರನ್ನು ಸೋಲಿಸಬೇಕು. ಆದರೆ ಮನ್ಮನೆಯವರು ದಿನಾ ಅವನ ಬಸ್ಸಿನಲ್ಲೇ ಓಡಾಡುವವರು, ಅವರಿಗೆ ಅವನ ಗುಟ್ಟು ಗೊತ್ತಿತ್ತು. ಹುತುತು ಹುತುತು ಅನ್ನುತ್ತ ಎದುರಿನವರ ಅಂಗಳಕ್ಕೆ ಹೋದವನು ಒಂದೇ ಉಸಿರಿನಲ್ಲಿ ಮರಳಿ ಬರಬೇಕಲ್ಲ? ನಡುವೆ ಉಸಿರು ಬಿಟ್ಟರೆ ಔಟು. ಹೋದ ವರ್ಷ ಕೊನೆಯ ಆಟ, ಇವನು ಇಬ್ಬರನ್ನು ಮುಟ್ಟಿ ತಿರುಗಿದ್ದ. ಗೆರೆಗೆ ಎರಡೇ ಹೆಜ್ಜೆ. ಅಷ್ಟರಲ್ಲಿ ಅವರ ಕಡೆಯ ಮುದುಕರೊಬ್ಬರು, "ಹೋಲ್ಡಾನ್ ಕಂಡಕ್ಟ್ರೇ, ಹೋಲ್ಡಾನ್! ಅಜ್ಜಿ ಇನ್ನೂ ಇಳಿದು ಆಜಿಲ್ಲೆ!" ಎಂದು ಕೂಗಿದರಂತೆ. ಇವನಿಗೆ ನಗು ತಡೆಯಲಿಲ್ಲ. ಉಸಿರು ಹೋಯಿತು, ಆಟವೂ ಹೋಯಿತು.

ಜೊತೆಯವರು ಸಿಟ್ಟಾದರು. "ಮುಂದಿನ ವರ್ಷ ನೀ ಹೊರಗ ಕೂಡ್ರಪಾ, ವಯಸ್ಸಾತು," ಅಂದ ದರ್ಜಿ. ಇವನು ಕೈಮುಗಿದು, "ಇನ್ನೊಂದ ವರ್ಷ ಆಡಿಸ್ರಿ, ಸೋತ್ರ ನಾನಾ ಬಿಡ್ತೀನಿ," ಎಂದು ಕೇಳಿಕೊಂಡು ಬಂದ.

ಈ ಸಲದ ಆಟಕ್ಕೆ ಮೂರು ತಿಂಗಳಿರುವಾಗ ಅವನ ವ್ರತ ಶುರುವಾಯಿತು. ಬೆಳಗ್ಗೆದ್ದು ಹುಲೇಕಲ್ ರಸ್ತೆಯಲ್ಲಿ ಓಟ, ನೂರು ಬಸ್ಕಿ. ಮಿರ್ಚಿ ಬಿಟ್ಟ, ಹೋಳಿಗೆ ಬಿಟ್ಟ. ಅದೆಲ್ಲ ಸರಿ ಅನ್ನೋಣ. ನಗುವುದನ್ನೂ ಬಿಟ್ಟ! ಬಸ್ಸಿನಲ್ಲಿ ಜನ, "ಕಂಡಕ್ಟರಿಗೆ ಹುಷಾರಿಲ್ಲೇನು?" ಎಂದು ಡ್ರೈವರನನ್ನು ಕೇಳುತ್ತಿದ್ದರಂತೆ. ಭಾನುವಾರ ಆಟ ಮುಗಿದದ್ದೇ ನೆಟ್ಟಗೆ ಮನೆಗೆ ಬರುತ್ತಿದ್ದ. ಆಟದಲ್ಲಿ ಯಾರಾದರೂ ಕಿಸಕ್ಕೆಂದರೆ ಗದರುತ್ತಿದ್ದನಂತೆ. ಮಾಸ್ತರರು ಬರುವುದು ಬಿಟ್ಟರು, ಅಂಚೆಯವನಿಗೆ ಸೊಂಟನೋವು ಬಂತು. ಮನೆಯಲ್ಲಿ ಊಟದ ಹೊತ್ತಿಗೆ ಮತ್ತೆ ಅದೇ ಹಳೆಯ ಮೌನ. ಮೊಮ್ಮಕ್ಕಳು ನನ್ನನ್ನು ಕರೆಯುವುದು ಅಮ್ಮ ಎಂದೇ. ಒಂದು ದಿನ ಒಂಬತ್ತು ವರ್ಷದ ಮೊಮ್ಮಗಳು ನನ್ನ ಕಿವಿಯಲ್ಲಿ, "ಅಮ್ಮಾ, ಅಪ್ಪಗ ನಮ್ಮ ಮ್ಯಾಲ ಸಿಟ್ಟೇನು?" ಎಂದು ಕೇಳಿತು.

ಮರುದಿನ ಅವನನ್ನು ಒಲೆಯ ಮುಂದೆ ಕರೆದೆ. ಕಟ್ಟಿಗೆ ಹಸಿಯಿತ್ತು. ಊದುಗೊಳವೆ ಕೈಗೆ ಕೊಟ್ಟು, "ಊದಪಾ ನೋಡೂಣು," ಅಂದೆ.

ಹಲ್ಲು ಕಚ್ಚಿ, ಭುಜ ಎತ್ತಿ, ಹೊಟ್ಟೆ ಬಿಗಿಹಿಡಿದು ಊದಿದ. ಬೆಂಕಿ ಹತ್ತಲಿಲ್ಲ, ಬೂದಿ ಹಾರಿ ಅವನ ಮುಖಕ್ಕೇ ಮೆತ್ತಿತು. ನಾನು ಕೊಳವೆ ತೆಗೆದುಕೊಂಡು ಆರಾಮಾಗಿ ಕೂತು, ಸಾವಕಾಶ ಉದ್ದಕ್ಕೆ ಊದಿದೆ. ಭಗ್ಗನೆ ಹತ್ತಿತು.

"ನಲವತ್ತ ವರ್ಷ ಒಲಿ ಊದೇನಿ ನಾ. ಹೊಟ್ಟಿ ಬಿಗಿ ಹಿಡದ್ರ ಉಸುರು ಎಲ್ಲಿಂದ ಬರ್ಬೇಕು? ನಗೂದು ಬಿಡಬ್ಯಾಡ. ತಡಕೊಳ್ಳೂದು ಕಲಿ. ಗೆರಿ ದಾಟು, ಆಮ್ಯಾಲ ನಗು, ಯಾರು ಬ್ಯಾಡ ಅಂತಾರ?"

ಬೂದಿ ಮೆತ್ತಿದ ಅಪ್ಪನ ಮುಖ ನೋಡಿ ಮೊಮ್ಮಗಳು ಮೊದಲು ನಕ್ಕಳು. ಇವನು ತಡೆದ, ತಡೆದ. ಕಡೆಗೆ ಹೊಟ್ಟೆ ಒಮ್ಮೆ ಜಿಗಿಯಿತು. ಮುರಿದ ಹಲ್ಲು ಕಂಡಿತು!

ಅವತ್ತಿನಿಂದ ನಮ್ಮ ಹಿತ್ತಲೇ ಮೈದಾನ. ರಂಗೋಲಿ ಪುಡಿಯಲ್ಲಿ ನಾನೇ ಗೆರೆ ಎಳೆದೆ. ಗೆರೆಯಿಂದ ಬಾವಿಯವರೆಗೆ ಹೋಗಿ ಬರುವಷ್ಟರಲ್ಲಿ ಮನೆಮಂದಿಯೆಲ್ಲ ಅವನನ್ನು ನಗಿಸಬೇಕು. ಮಕ್ಕಳು, "ರೈಟ್! ಹೋಲ್ಡಾನ್!" ಎಂದು ಕೂಗುವುದು. ಗಂಡನ ಎದುರು ದನಿ ಎತ್ತದ ನನ್ನ ಮಗಳು ಒಂದು ದಿನ ಬಾವಿಗೆ ಒರಗಿ ನಿಂತು, "ಕಂಡಕ್ಟರ್ ಸಾಹೇಬ್ರ, ಈ ಬಸ್ಸು ತೌರಮನಿಗೆ ಹೋಗ್ತದೇನ್ರಿ? ಗಂಡ ನಗೂದಾ ಬಿಟ್ಟಾನ!" ಅಂದುಬಿಟ್ಟಳು. ಇವನು ಅಲ್ಲೇ ಕುಸಿದು ಕೂತ. ಔಟು! ಹದಿನೈದು ದಿನ ಬರೀ ಸೋತ. ಸೋತಷ್ಟೂ ನಕ್ಕ. ಮಾಸ್ತರರು ಬೇಲಿಯಾಚೆಯಿಂದ ಸದ್ದು ಕೇಳಿ ಒಳಗೆ ಬಂದರು, ಮರುದಿನ ಅಂಚೆಯವನ ಸೊಂಟವೂ ನೆಟ್ಟಗಾಯಿತು. ಓಟ, ಬಸ್ಕಿ ಏನೂ ಬಿಡಲಿಲ್ಲ. ಭಾನುವಾರದ ಮಿರ್ಚಿಯೂ ಮರಳಿ ಬಂತು, ಎರಡೇ ಎರಡು. ಬರಬರುತ್ತ ಯಾರೇನಂದರೂ ಕಣ್ಣಲ್ಲಿ ನೀರು ತುಂಬಿಕೊಂಡು ಗೆರೆ ದಾಟಿ ಬರುತ್ತಿದ್ದ, ಬಂದು ನೆಲಕ್ಕೆ ಬಿದ್ದು ನಗುತ್ತಿದ್ದ.

ನಿನ್ನೆ ನಾನೂ ಮೈದಾನಕ್ಕೆ ಹೋದೆ. ಹುಟ್ಟಿದಾಗಿನಿಂದ ಆಟ ನೋಡಲು ಹೋದವಳಲ್ಲ. ಜನ ಏನಂದಾರೋ ಎಂದು ಹೊಸಿಲಲ್ಲಿ ನಿಂತರೆ ಮೊಮ್ಮಗಳು ಸೆರಗು ಹಿಡಿದು ಎಳೆದಳು. ಕೊನೆಯ ಸಲ ಇವನು ಹೋದಾಗ ಎರಡೂ ಕಡೆ ಸಮ. ಮನ್ಮನೆಯವರು ಚಿಲ್ಲರೆ ಕೇಳಿದರು, ಟಿಕೆಟ್ ಕೇಳಿದರು. ಇವನು ಒಬ್ಬನನ್ನು ಮುಟ್ಟಿ ತಿರುಗಿದ. ಅದೇ ಮುದುಕರು ಎದ್ದು ನಿಂತು, "ಕಂಡಕ್ಟ್ರೇ, ಆ ಅಜ್ಜಿ ಇನ್ನೂ ಇಳೀತಾ ಇದ್ದು!" ಎಂದು ಕೂಗಿದರು. ಸುತ್ತಲ ಜನರೆಲ್ಲ ಗೊಳ್ಳೆಂದರು. ನನಗೇ ನಗು ಬಂತು, ಬಾಯಿಗೆ ಸೆರಗು ಒತ್ತಿಕೊಂಡೆ. ಅವನ ಹೊಟ್ಟೆ ಜಿಗಿದದ್ದು ನನಗೆ ಕಂಡಿತು. ಹೋಯಿತು ಅಂದುಕೊಂಡೆ. ಆದರೆ ಹುತುತು ನಿಲ್ಲಲಿಲ್ಲ. ಒಬ್ಬ ಕಾಲು ಹಿಡಿದ, ಇವನು ಅವನನ್ನೂ ಎಳೆದುಕೊಂಡು ಬೋರಲು ಬಿದ್ದ. ಕೈ ಗೆರೆಯ ಈಚೆಗೆ!

ಆಮೇಲೆ ನಕ್ಕ ನೋಡಿ. ಮಣ್ಣಿನಲ್ಲಿ ಹೊರಳಿ ಹೊರಳಿ ನಕ್ಕ. ಆ ಮುದುಕರೇ ಬಂದು ಎಬ್ಬಿಸಿ, "ಎಂತ ಮಾರಾಯಾ, ಈ ಸಲ ನಗು ಬಂಜೇ ಇಲ್ಯಾ ನಿಂಗೆ?" ಎಂದು ಕೇಳಿದರು.

"ಬಂದಿತ್ರೀ ಅಜ್ಜಾರ. ಗೆರಿ ದಾಟೂ ಮಟಾ ನಿಲ್ಲು ಅಂದಿದ್ದೆ," ಅಂದ. ಆಮೇಲೆ ಸುತ್ತ ನೋಡಿ ನನ್ನ ಕಡೆ ಬೆರಳು ತೋರಿಸಿ, "ನಮ್ಮ ಅತ್ತಿ ಕಲಿಸ್ಯಾರ," ಅಂದ. ಅಷ್ಟು ಜನರ ನಡುವೆ! ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಯಾರಿಗಾದರೂ ಏನಾದರೂ ಕಲಿಸಿದೆ ಎಂದು ಈ ಜನ್ಮದಲ್ಲಿ ಯಾರೂ ಅಂದಿರಲಿಲ್ಲ. ಆದರೆ ಅವನು ನನಗೆ ಕಲಿಸಿದ್ದರ ಮುಂದೆ ಇದೆಷ್ಟರದು?

ರಾತ್ರಿ ಹೋಳಿಗೆ ಮಾಡಿದೆವು. ಗಂಡಸರು ಮಕ್ಕಳು ಉಂಡ ಮೇಲೆ ನಾವು ತಾಯಿ ಮಗಳು ಒಳಗೆ ಕೂಡುವುದು ನಮ್ಮ ಮನೆಯ ರೂಢಿ. ನಿನ್ನೆ ಅವನು ಎಲೆ ಮುಟ್ಟಲಿಲ್ಲ. "ಅತ್ತೀ, ನೀವೂ ಕೂಡ್ರಿ. ಎಲ್ಲಾರೂ ಕೂತ ಮ್ಯಾಲಾ ಬಸ್ಸು ಬಿಡೂದು," ಅಂದ. ಪಡಸಾಲೆಯಲ್ಲೇ ಐದು ಎಲೆ ಒಂದೇ ಸಾಲಿನಲ್ಲಿ ಹಾಕಿದೆವು. ನಮ್ಮವರು ಕೂಡುತ್ತಿದ್ದ ಗೋಡೆಯ ಪಕ್ಕ ನಾನು ಕೂತೆ. ಮೊದಲ ತುತ್ತು ಬಾಯಿಗಿಟ್ಟಿದ್ದೆನಷ್ಟೇ, ಸಣ್ಣ ಮೊಮ್ಮಗ ಕೈಯೆತ್ತಿ ಕೂಗಿದ: "ಹೋಲ್ಡಾನ್! ಅಮ್ಮಗ ತುಪ್ಪ ಬಿದ್ದಿಲ್ಲ!"

ನಾನು ನಕ್ಕೆ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ, ಬೀದಿಗೆ ಕೇಳುವ ಹಾಗೆ ನಕ್ಕೆ.